ಟ್ರಿನಿಡಾಡ್‌ನ ಕರೋನಿ ಕೌಂಟಿ ಏನಾಯ್ತು? ಅದರಲ್ಲಿ ಯಾವ ಯಾವ ಭಾಗಗಳಿದ್ದವು?

ಹಳೆ ನಕ್ಷೆಯಲ್ಲಿ ಕರೋನಿ ಇದೆ, ಹೊಸದರಲ್ಲಿ ಕಾಣಲ್ಲ ಅಂತ ಕೇಳಿದ್ದೀರಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥ ಭಾಗ. ಆಡಳಿತದ ಲೆಕ್ಕದಲ್ಲಿ ಆ ಕೌಂಟಿ ಈಗಿಲ್ಲ. ಆದರೆ ಜಮೀನಿನ ಪತ್ರಗಳಲ್ಲಿ ಅದರ ವಾರ್ಡುಗಳು ಇನ್ನೂ ಉಳಿದಿವೆ.

ಬ್ರಿಟಿಷರು 1797ರಲ್ಲಿ ಸ್ಪೇನ್‌ನಿಂದ ದ್ವೀಪ ಕಿತ್ತುಕೊಂಡರು. ಮುಂದೆ ಅದನ್ನು ಎಂಟು ಕೌಂಟಿ ಮಾಡಿ, ಒಂದೊಂದನ್ನೂ ವಾರ್ಡುಗಳಾಗಿ ಒಡೆದರು. ಕರೋನಿಯಲ್ಲಿ ನಾಲ್ಕು: ಚಗ್ವಾನಸ್, ಕೂವಾ, ಕುನುಪಿಯಾ, ಮಾಂಟ್ಸೆರಾಟ್. ನಮ್ಮ ನಗರಸಭೆ ವಾರ್ಡಿನಷ್ಟು ಚಿಕ್ಕದಲ್ಲ, ಹೋಬಳಿ ಅಂದುಕೊಳ್ಳಿ. ವಾರ್ಡು ವ್ಯವಸ್ಥೆ ತಂದದ್ದು 1846ರಿಂದ 1854ರವರೆಗೆ ಗವರ್ನರ್ ಆಗಿದ್ದ ಲಾರ್ಡ್ ಹ್ಯಾರಿಸ್. ಜಮೀನಿನವರಿಂದ ಕಂದಾಯ ಎತ್ತಿ, ಅದರಲ್ಲೇ ರಸ್ತೆ, ಶಾಲೆ ನಡೆಸುವುದು ಉದ್ದೇಶ.

ಕಾಗದದ ಮೇಲೆ ವಾರ್ಡು ಸರಿ, ಆದರೆ ಕರೋನಿಯಲ್ಲಿ ನಿಜವಾದ ದರ್ಬಾರು ಕಬ್ಬಿನ ಎಸ್ಟೇಟುಗಳದ್ದು. 1845ರಿಂದ 1917ರವರೆಗೆ ಭಾರತದಿಂದ ಕರಾರು ಕೂಲಿಗಳು ಟ್ರಿನಿಡಾಡಿಗೆ ಬಂದರು. ಹೆಚ್ಚಿನವರು ಕಲ್ಕತ್ತಾದಿಂದ ಹಡಗು ಹತ್ತಿದ ಉತ್ತರದ ಕಡೆಯವರು, ಮದ್ರಾಸಿನಿಂದ ಬಂದವರು ಕಮ್ಮಿ. ವಾಟರ್‌ಲೂ ಅನ್ನೋ ಊರಿನಲ್ಲಿ ಸಿವದಾಸ್ ಸಾಧು ಎಂಬ ಕೂಲಿ 1947ರಲ್ಲಿ ಕರಾವಳಿಯಲ್ಲಿ ಪುಟ್ಟ ಗುಡಿ ಕಟ್ಟಿದ. ಜಾಗ ಸಕ್ಕರೆ ಕಂಪನಿಯದ್ದು. 1952ರಲ್ಲಿ ಗುಡಿ ಕೆಡವಿದರು, ಅವನನ್ನು ಜೈಲಿಗೂ ಹಾಕಿದರು. ನೆಲ ಕಂಪನಿಯದ್ದಾದರೆ ಸಮುದ್ರ ಯಾರದ್ದು ಅಂತ, ಸೈಕಲ್ಲಿನಲ್ಲಿ ಕಲ್ಲು, ಸಿಮೆಂಟು ಹೊತ್ತು ನೀರಿನೊಳಗೇ ಶುರು ಮಾಡಿದ! ವರ್ಷಗಟ್ಟಲೆ ಒಬ್ಬನೇ. 1990ರ ದಶಕದಲ್ಲಿ ಸರ್ಕಾರವೇ ಆ ಗುಡಿಯನ್ನು ಮತ್ತೆ ಕಟ್ಟಿಸಿತು. ಕರೋನಿಯಲ್ಲಿ ನೆಲ ಯಾರ ಕೈಲಿತ್ತು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

1970ರ ದಶಕದಲ್ಲಿ ಆ ಕಂಪನಿ ಸರ್ಕಾರದ್ದಾಯಿತು, ನಷ್ಟ ಜಾಸ್ತಿಯಾಗಿ 2003ರಲ್ಲಿ ಮುಚ್ಚಿತು. ಅಷ್ಟರಲ್ಲಿ ಕೌಂಟಿಯ ಆಡಳಿತವೂ ಹೋಗಿತ್ತು. 1990ರ ಕಾಯ್ದೆಯಿಂದ ಕರೋನಿ ಪ್ರದೇಶದ ಬಹುಪಾಲು ಎರಡು ಕಡೆ ಹಂಚಿಹೋಯಿತು: ಚಗ್ವಾನಸ್ ಪುರಸಭೆ, ಮತ್ತೆ ಕೂವಾ-ತಬಾಕೀಟ್-ತಲಪಾರೋ ಪ್ರಾದೇಶಿಕ ನಿಗಮ.

ನೀವು ಯಾರದ್ದಾದರೂ ವಂಶದ ದಾಖಲೆ ಹುಡುಕುತ್ತಿದ್ದರೆ, ಕೌಂಟಿ ಹೆಸರು ಹಿಡಿದು ಸುಮ್ನೆ ಅಲೆಯಬೇಡಿ. ಕೂಲಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದದ್ದು ಎಸ್ಟೇಟಿನ ಹೆಸರು. ಮೊದಲು ಅದನ್ನು ಪತ್ತೆ ಮಾಡಿ. ಆ ಎಸ್ಟೇಟು ಯಾವ ವಾರ್ಡಿನದ್ದು ಅಂತ ಹಳೆ ನಕ್ಷೆಯಲ್ಲಿ ನೋಡಿಕೊಂಡರೆ ಜಮೀನಿನ ಪತ್ರ ಹುಡುಕುವುದು ಸುಲಭವಾಗುತ್ತದೆ.