ಕೆಲಸ ಬಿಟ್ಟು ಲೋಕ ಸುತ್ತಿದರೆ ನಿಜವಾಗಿ ಬದುಕಿದಂತಾಗುತ್ತಾ?

ಪ್ರಶ್ನೆ: ನನಗೆ 31 ವರ್ಷ. ಒಳ್ಳೆಯ ಕೆಲಸವಿದೆ. ರಜೆ ಸಿಕ್ಕಾಗಲೆಲ್ಲ ಒಬ್ಬಳೇ ಹೊರಟುಬಿಡುತ್ತೇನೆ. ಮೊದಲು ಬೆಟ್ಟ, ಕಡಲು ನೋಡುತ್ತಿದ್ದೆ. ಈಗ ಗಣಿ ಕಾರ್ಮಿಕರ ಕೇರಿ, ಅಣೆಕಟ್ಟಿಗೆ ಮುಳುಗಿದ ಊರುಗಳ ಕಡೆ ಮನಸ್ಸು ಎಳೆಯುತ್ತದೆ. ರಾಜಕೀಯ ಓದಲು ಶುರು ಮಾಡಿದ್ದೇನೆ. ವಾಪಸ್ ಬಂದ ಮೇಲೆ ಆಫೀಸು, ಮನೆ ಎಲ್ಲ ಸುಳ್ಳು ಅನ್ನಿಸಿ ಸಿಕ್ಕವರ ಜೊತೆ ಜಗಳವಾಡುತ್ತೇನೆ. ಕಳೆದ ಸಲ ಗಣಿ ಕೇರಿಯ ಹುಡುಗನೊಬ್ಬನ ಫೋಟೊ ಹಾಕಿ ಉದ್ದಕ್ಕೆ ಬರೆದೆ. ‘ಅವನಿಗೆ ನೀನೇನು ಮಾಡಿದೆ?’ ಅಂತ ಗೆಳತಿ ಕೇಳಿದಳು. ಅವತ್ತಿನಿಂದ ಮಾತಿಲ್ಲ. ಕೆಲಸ ಬಿಟ್ಟು, ಉಳಿಸಿದ ಹಣದಲ್ಲಿ ಎರಡು ವರ್ಷ ಸುತ್ತಿ, ಜನರ ಹೋರಾಟಗಳ ಬಗ್ಗೆ ಬರೆಯಬೇಕು ಅಂತಿದ್ದೇನೆ. ಕೆಲವು ದೇಶಗಳಲ್ಲಿ ಸರ್ವಾಧಿಕಾರವಿದೆ, ಅಲ್ಲಿಗೆ ಹೋಗುವುದೇ ತಪ್ಪೇ? ನಾನು ನಿಜವಾಗಿ ಬದುಕಬೇಕು. ಏನು ಮಾಡಲಿ?
– ಹೆಸರು ಬೇಡ

ಉತ್ತರ: ರಾಜೀನಾಮೆ ಈಗಲೇ ಬೇಡ. ಕಾರಣ ಹಣವಲ್ಲ. ನಿಮ್ಮ ಪತ್ರದಲ್ಲಿ ಹೋದ ಜಾಗಗಳಿವೆ, ನಿಮ್ಮ ಸಿಟ್ಟಿದೆ. ಆದರೆ ‘ಬನ್ನಿ’ ಅಂತ ನಿಮ್ಮನ್ನು ಕರೆದ ಒಬ್ಬ ಮನುಷ್ಯನೂ ಇಲ್ಲ. ಆ ಹುಡುಗ ಸಹ ಬರೀ ‘ಗಣಿ ಕೇರಿಯ ಹುಡುಗ’. ಗೆಳತಿಯ ಮಾತು ಚುಚ್ಚಿದ್ದು ಅದಕ್ಕೇ ಇರಬೇಕು, ಅಲ್ವಾ?

ಪ್ರಯಾಣವನ್ನೂ ರಾಜಕೀಯವನ್ನೂ ಒಟ್ಟಿಗೆ ಬದುಕಿದವರು ಹಿಂದೆಯೂ ಇದ್ದರು. ಗಾಂಧಿ 1915ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಬದುಕು ಮುಗಿಸಿ ಭಾರತಕ್ಕೆ ಮರಳಿದರು. ಆ ಹೊತ್ತಿಗಾಗಲೇ ದೊಡ್ಡ ಹೆಸರು. ಆದರೂ ಗೋಖಲೆಯವರು ಅವರಿಂದ ಒಂದು ಮಾತು ತೆಗೆದುಕೊಂಡರು: ಒಂದು ವರ್ಷ ದೇಶ ಸುತ್ತಬೇಕು, ರಾಜಕೀಯದ ಬಗ್ಗೆ ಭಾಷಣ ಮಾಡಬಾರದು. ಫೆಬ್ರವರಿಯಲ್ಲೇ ಗೋಖಲೆ ತೀರಿಕೊಂಡರು. ಕೇಳುವವರೇ ಇಲ್ಲದಿದ್ದರೂ ಗಾಂಧಿ ಕೊಟ್ಟ ಮಾತು ಉಳಿಸಿಕೊಂಡರು, ಮೂರನೇ ದರ್ಜೆ ರೈಲಿನಲ್ಲಿ ಸುತ್ತಿದರು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಆಮೇಲೆ ನಡೆದದ್ದು. 1916ರ ಕೊನೆಯಲ್ಲಿ ಲಖನೌ ಕಾಂಗ್ರೆಸ್ ಅಧಿವೇಶನಕ್ಕೆ ರಾಜಕುಮಾರ್ ಶುಕ್ಲಾ ಎಂಬ ರೈತ ಬಂದರು. ನಮ್ಮ ಚಂಪಾರಣಕ್ಕೆ ಬನ್ನಿ ಅಂತ ಗಾಂಧಿಯ ಬೆನ್ನು ಬಿದ್ದರು. ಬಿಹಾರದ ಆ ಜಿಲ್ಲೆಯ ಹೆಸರನ್ನೂ ಗಾಂಧಿ ಅದುವರೆಗೆ ಕೇಳಿರಲಿಲ್ಲ. ಅಲ್ಲಿ ರೈತರು ಪ್ರತಿ 20 ಪಾಲು ಜಮೀನಿನಲ್ಲಿ 3 ಪಾಲಿನಲ್ಲಿ ಕಡ್ಡಾಯವಾಗಿ ನೀಲಿ, ಅಂದರೆ ಬಣ್ಣ ತೆಗೆಯುವ ಗಿಡ, ಬೆಳೆಯಬೇಕಿತ್ತು. 1917ರ ಏಪ್ರಿಲ್‌ನಲ್ಲಿ ಗಾಂಧಿ ಹೋದರು. ಜಿಲ್ಲೆ ಬಿಟ್ಟು ಹೋಗಿ ಅಂತ ಸರ್ಕಾರ ಆದೇಶ ಕೊಟ್ಟರೂ ಹೋಗಲಿಲ್ಲ. ಸುಮ್ನೆ ನೋಡಿಕೊಂಡು ಬರಲು ಹೋದವರು ತಿಂಗಳುಗಟ್ಟಲೆ ನಿಂತರು. ಅವರೂ ಜೊತೆಗಿದ್ದ ವಕೀಲರೂ ಸಾವಿರಾರು ರೈತರ ಹೇಳಿಕೆ ಬರೆದುಕೊಂಡರು. ಹೇಳಿದ್ದನ್ನೆಲ್ಲ ನಂಬಿ ಗೀಚಿಕೊಂಡದ್ದಲ್ಲ, ಪಾಟೀಸವಾಲು ಹಾಕಿ ಬರೆದದ್ದು. 1918ರ ಕಾನೂನು ಆ ಪದ್ಧತಿಯನ್ನು ಕೊನೆಗೊಳಿಸಿತು.

ನೀವು ಗಾಂಧಿ ಆಗಬೇಕಿಲ್ಲ, ಗಾಬರಿಯಾಗಬೇಡಿ! ಆದರೆ ಆ ಕ್ರಮ ನೋಡಿ. ಸುತ್ತುವಾಗ ಬಾಯಿ ಮುಚ್ಚಿದ್ದರು. ಕರೆದಲ್ಲಿಗೆ ಹೋದರು. ಹೋದಲ್ಲಿ ನಿಂತರು. ನೀವು ತಿರುಗಾಮುರುಗಾ ಮಾಡುತ್ತಿದ್ದೀರಿ. ಎಲ್ಲೂ ನಿಲ್ಲದೆ, ಎಲ್ಲದರ ಬಗ್ಗೆ ಮಾತಾಡುತ್ತಿದ್ದೀರಿ. ಎರಡು ವರ್ಷದಲ್ಲಿ ಹತ್ತಾರು ದೇಶ ಸುತ್ತಿದರೆ ಇದೇ ಇನ್ನೂ ಜಾಸ್ತಿಯಾಗುತ್ತದೆ.

ಹಾಗಾಗಿ ಮೊದಲು ಒಂದೆರಡು ತಿಂಗಳು ಸಂಬಳವಿಲ್ಲದ ರಜೆ ಕೇಳಿ. ಹೋಗುವುದು ಒಂದೇ ಜಾಗಕ್ಕೆ, ಅದೂ ಹಿಂದೆ ಹೋಗಿದ್ದ ಜಾಗಕ್ಕೇ. ನನ್ನ ಕೇಳಿದರೆ ಆ ಗಣಿ ಕೇರಿಗೇ ಹೋಗಿ. ಆ ಹುಡುಗನ ಮನೆಯವರಿಗೆ ಫೋಟೊ ತೋರಿಸಿ. ಬೇಡ ಅಂದರೆ ಅವರ ಎದುರಲ್ಲೇ ಅಳಿಸಿ. ನಿಮ್ಮಿಂದ ಏನಾದರೂ ಆಗಬೇಕಾ ಅಂತ ಕೇಳಿ. ಅರ್ಜಿ ಬರೆದುಕೊಡಿ ಅನ್ನಬಹುದು, ಸುಮ್ನೆ ಹೋಗಿ ಅಂತಲೂ ಅನ್ನಬಹುದು. ಎರಡನ್ನೂ ಒಪ್ಪಿಕೊಳ್ಳಬೇಕು. ಅಲ್ಲಿಂದ ಬಂದ ಮೇಲೂ ಹೊರಡಬೇಕು ಅನ್ನಿಸಿದರೆ ಧಾರಾಳವಾಗಿ ರಾಜೀನಾಮೆ ಕೊಡಿ, ವಾಪಸ್ ಬಂದು ಆರು ತಿಂಗಳು ಬದುಕುವಷ್ಟು ಹಣ ಮಾತ್ರ ಮುಟ್ಟಬೇಡಿ.

ಸರ್ವಾಧಿಕಾರವಿರುವ ದೇಶಗಳ ಪ್ರಶ್ನೆ ಕಷ್ಟದ್ದು. ಒಂದೇ ಉತ್ತರ ಎಲ್ಲ ಕಡೆಗೂ ಒಗ್ಗುವುದಿಲ್ಲ. ಮ್ಯಾನ್ಮಾರ್‌ನ ಸೇನಾ ಆಡಳಿತ 1996ನ್ನು ಪ್ರವಾಸಿ ವರ್ಷ ಅಂತ ಸಾರಿದಾಗ ‘ಈಗ ಬರಬೇಡಿ’ ಅಂತ ಕೇಳಿಕೊಂಡದ್ದು ಅಲ್ಲಿನ ವಿರೋಧ ಪಕ್ಷದ ಆಂಗ್ ಸಾನ್ ಸೂಕಿ. 2011ರಲ್ಲಿ ಅದೇ ಪಕ್ಷ ನಿಲುವು ಬದಲಿಸಿತು: ತಾವಾಗಿ ಬರುವವರು ಬರಲಿ, ದೊಡ್ಡ ಪ್ಯಾಕೇಜ್ ಟೂರುಗಳು ಬೇಡ. ಅಂದರೆ ಅಲ್ಲಿ ನೋವು ತಿನ್ನುತ್ತಿರುವವರು ಏನು ಹೇಳುತ್ತಿದ್ದಾರೆ, ನೀವು ಖರ್ಚು ಮಾಡುವ ಹಣ ಯಾರ ಕೈ ಸೇರುತ್ತದೆ, ಇವೆರಡನ್ನು ತಿಳಿದುಕೊಂಡೇ ಟಿಕೆಟ್ ತೆಗೆಯಿರಿ. ಇನ್ನೊಂದು ವಿಷಯ. ಪ್ರವಾಸಿ ವೀಸಾದಲ್ಲಿ ಹೋಗಿ ಪ್ರತಿಭಟನೆಗೆ ಇಳಿಯಬೇಡಿ. ನಿಮ್ಮನ್ನು ವಿಮಾನ ಹತ್ತಿಸಿ ಕಳಿಸಬಹುದು, ಜೈಲಿಗೂ ಹಾಕಬಹುದು. ನಿಮ್ಮ ಜೊತೆ ಕಾಣಿಸಿಕೊಂಡವರ ಮನೆಗೆ ಪೊಲೀಸರು ಬರುತ್ತಾರೆ.

ಇನ್ನು ಜಗಳದ ವಿಚಾರ. ಸಿಟ್ಟು ಬಂತು ಅಂದರೆ ಬೆಳೆದೆ ಅಂತಲ್ಲ. ಬಿಳಿಯರೆಲ್ಲ ಸೈತಾನರು ಅಂತ ವರ್ಷಗಟ್ಟಲೆ ಸಾರಿದ್ದ, ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್ 1964ರಲ್ಲಿ ಹಜ್‌ಗೆ ಹೋದರು. ಅಲ್ಲಿ ಬಿಳಿ ಚರ್ಮದವರು ಸೋದರರಂತೆ ಜೊತೆಗೆ ಕೂತು ಉಂಡರು. ನನ್ನ ಹಳೆಯ ತೀರ್ಮಾನ ಬದಲಿಸಿಕೊಳ್ಳಬೇಕಾಯಿತು ಅಂತ ಅವರು ಅಮೆರಿಕಕ್ಕೆ ಬಹಿರಂಗವಾಗಿ ಬರೆದರು. ಅಮೆರಿಕದ ವರ್ಣಭೇದದ ವಿರುದ್ಧದ ಹೋರಾಟವನ್ನೇನೂ ಬಿಡಲಿಲ್ಲ. ನಿಮ್ಮನ್ನು ಕೇಳುತ್ತೇನೆ: ನೀವು ನಂಬಿದ್ದು ತಪ್ಪು ಅಂತ ಯಾವ ಪ್ರಯಾಣ ತೋರಿಸಿಕೊಟ್ಟಿದೆ? ಮೊದಲೇ ಗೊತ್ತಿದ್ದದ್ದಕ್ಕೆ ಸಾಕ್ಷಿ ಹುಡುಕಿಕೊಂಡು ಬರಲು ಅಷ್ಟು ದೂರ ಹೋಗಬೇಕಾ?

ನಿಮ್ಮ ಆಫೀಸು, ಮನೆ ಸುಳ್ಳಲ್ಲ. ಮತ ಹಾಕುವ ಹಕ್ಕು, ಪ್ರಶ್ನೆ ಕೇಳುವ ಹಕ್ಕು ನಿಮಗಿರುವುದು ಅಲ್ಲೇ. ನಿಮ್ಮ ಆಫೀಸನ್ನು ಗುಡಿಸುವವರಿಗೆ ಸಂಬಳ ಸರಿಯಾಗಿ ಸಿಗುತ್ತಿದೆಯಾ? ಇದನ್ನು ಕೇಳಲು ವೀಸಾ ಬೇಕಿಲ್ಲ.

ಈ ವಾರವೇ ಗೆಳತಿಗೆ ಫೋನ್ ಮಾಡಿ. ಅವಳ ಪ್ರಶ್ನೆಗೆ ‘ಏನೂ ಮಾಡಲಿಲ್ಲ’ ಅಂತ ನೇರವಾಗಿ ಹೇಳಿ. ಗಣಿ ಕೇರಿಗೆ ಮತ್ತೆ ಹೊರಟಾಗ ಅವಳನ್ನೂ ಕರೆದರೆ ಒಳ್ಳೆಯದು. ಹೀಗೆ ಮುಖಕ್ಕೆ ಹೊಡೆದಂತೆ ಕೇಳುವವರೊಬ್ಬರು ಪಕ್ಕದಲ್ಲಿದ್ದರೆ ಫೋಟೊ ತೆಗೆಯುವ ಮುಂಚೆ ನೀವು ಒಂದು ಕ್ಷಣ ಯೋಚಿಸುತ್ತೀರಿ.