ಮೂಲ ಆದಾಯದ (ಷರತ್ತಿಲ್ಲದೆ ಜನರಿಗೆ ನಿಯಮಿತವಾಗಿ ಕೊಡುವ ಹಣದ) ಪ್ರಾಯೋಗಿಕ ಯೋಜನೆಗಳಿಗೆ ಹಣ ಹಾಕುವುದು ಸಾರ್ಥಕವೇ?

ಸಾರ್ಥಕ, ಆದರೆ ಇನ್ನೂ ಉತ್ತರ ಸಿಗದ ಪ್ರಶ್ನೆಯೊಂದನ್ನು ಕೇಳುತ್ತಿದ್ದರೆ ಮಾತ್ರ. "ಹಣ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆಯೇ" ಎಂಬುದನ್ನೇ ಮತ್ತೊಮ್ಮೆ ಪರೀಕ್ಷಿಸುವ ಸಣ್ಣ ಪ್ರಯೋಗದಿಂದ ಹೊಸದೇನೂ ತಿಳಿಯುವುದಿಲ್ಲ.

ಫಿನ್‌ಲ್ಯಾಂಡ್ 2017–18ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟಿತು. ಕೆಲಸ ಸಿಕ್ಕರೂ ಹಣ ನಿಲ್ಲಲಿಲ್ಲ. ಉದ್ಯೋಗದಲ್ಲಿ ವ್ಯತ್ಯಾಸ ಅಲ್ಪ, ಮನಸ್ಸಿನ ನೆಮ್ಮದಿಯಲ್ಲಿ ಸುಧಾರಣೆ ಸ್ಪಷ್ಟ. ಆದರೆ 2018ರಲ್ಲಿ ನಿರುದ್ಯೋಗ ಭತ್ಯೆಯ ನಿಯಮಗಳೇ ಬದಲಾದ್ದರಿಂದ ಎರಡನೇ ವರ್ಷದ ಹೋಲಿಕೆ ಕಲಸಿಹೋಯಿತು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಇನ್ನೂ ಕೆಟ್ಟದಾಯಿತು: ಮೂರು ವರ್ಷದ ಯೋಜನೆಯನ್ನು ಹೊಸ ಸರ್ಕಾರ 2018ರಲ್ಲೇ ರದ್ದುಮಾಡಿತು. ಹಣವನ್ನು ನಂಬಿ ಓದಿಗೆ, ವ್ಯಾಪಾರಕ್ಕೆ ಇಳಿದವರು ನಡುನೀರಿನಲ್ಲಿ ಉಳಿದರು. ಇದು ಅನ್ಯಾಯ. ಹಾಗಾಗಿ ಪೂರ್ತಿ ಅವಧಿಯ ಹಣವನ್ನು, ಮೌಲ್ಯಮಾಪನದ ಖರ್ಚನ್ನೂ ಸೇರಿಸಿ, ಮೊದಲೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಕೆನಡಾದ್ದೇ ಆದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ 1970ರ ದಶಕದಲ್ಲಿ ನಡೆದ ಇಂಥದ್ದೇ ಪ್ರಯೋಗದ ದಾಖಲೆಗಳು ವಿಶ್ಲೇಷಣೆಗೆ ಹಣವಿಲ್ಲದೆ ದಶಕಗಳ ಕಾಲ ಪೆಟ್ಟಿಗೆಗಳಲ್ಲೇ ಕೊಳೆತವು.

ಯೋಜನೆಗೆ ಹಣ ಕೊಡುವ ಮುನ್ನ ಮಾದರಿಯ ಗಾತ್ರ, ಅಂದರೆ ಪ್ರಯೋಗದಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನು ನೋಡಿ. ಪತ್ತೆಮಾಡಬೇಕಾದ ಪರಿಣಾಮ ಅರ್ಧಕ್ಕಿಳಿದರೆ ಜನರ ಸಂಖ್ಯೆ ನಾಲ್ಕು ಪಟ್ಟಾಗಬೇಕು. ನೂರಿನ್ನೂರು ಜನರ ಪ್ರಯೋಗದಲ್ಲಿ "ಪರಿಣಾಮ ಕಾಣಲಿಲ್ಲ" ಎಂದರೆ ಪರಿಣಾಮವೇ ಇಲ್ಲ ಎಂದಲ್ಲ. ಹೋಲಿಕೆಯ ಗುಂಪನ್ನು, ಅಂದರೆ ಈ ಹಣ ಸಿಗದವರನ್ನು, ಚೀಟಿ ಎತ್ತಿದಂತೆ ಆರಿಸಿರಬೇಕು. ಅವರೂ ಸಮೀಕ್ಷೆಗೆ ಉತ್ತರಿಸುವಂತೆ ಸಣ್ಣ ಗೌರವಧನ ಇರಬೇಕು, ಇಲ್ಲವಾದರೆ ಅರ್ಧದಲ್ಲೇ ಬಿಟ್ಟುಹೋಗುತ್ತಾರೆ.

ಬೆಲೆ, ಕೂಲಿ, ತೆರಿಗೆಯ ಮೇಲಿನ ಪರಿಣಾಮ ಚದುರಿದ ವ್ಯಕ್ತಿಗಳಿಗೆ ಕೊಟ್ಟಾಗ ಕಾಣುವುದಿಲ್ಲ. ಬೆಲೆ, ಕೂಲಿ ತಿಳಿಯಲು ಕೀನ್ಯಾದಲ್ಲಿ ಮಾಡಿದಂತೆ ಇಡೀ ಹಳ್ಳಿಗಳಿಗೇ ಕೊಡಬೇಕು. ತೆರಿಗೆಯ ಪ್ರಶ್ನೆಗೆ ಮಾತ್ರ ಯಾವ ಪ್ರಯೋಗವೂ ಉತ್ತರಿಸದು, ಏಕೆಂದರೆ ಅಲ್ಲಿ ಹಣ ಅದೇ ಜನರ ತೆರಿಗೆಯಿಂದಲ್ಲ, ಹೊರಗಿನಿಂದ ಬರುತ್ತದೆ.