ಗ್ರಾಫಿಕ್ಸ್ ಕಾರ್ಡಿಗೆ ವಾಟರ್ ಕೂಲಿಂಗ್: ಖರ್ಚಿಗೆ ತಕ್ಕ ಲಾಭವಿದೆಯೇ?

ಪ್ರಶ್ನೆ: ನನ್ನ ಆರ್‌ಟಿಎಕ್ಸ್ 3080 ಕಾರ್ಡ್ ಬೇಸಿಗೆಯಲ್ಲಿ ಗೇಮ್ ಆಡುವಾಗ 83 ಡಿಗ್ರಿ ಮುಟ್ಟುತ್ತದೆ. ವಾಟರ್ ಕೂಲಿಂಗ್ ಹಾಕಿಸಲೇ? – ಓದುಗರು, ವಿಜಯಪುರ

ಉತ್ತರ: ಬೇಡ. ಬಿಸಿಲು ಏರಿತೆಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ನೀರು ಶಾಖವನ್ನು ನುಂಗಿಬಿಡುತ್ತದೆ ಎಂದೇ ನಂಬಿರುತ್ತಾರೆ. ನೀರು ಶಾಖವನ್ನು ಚಿಪ್ಪಿನಿಂದ ರೇಡಿಯೇಟರಿಗೆ ಸಾಗಿಸುತ್ತದೆ, ಅಷ್ಟೇ. ಅಲ್ಲಿಂದ ಅದನ್ನು ಹೊರಹಾಕಲು ಮತ್ತೆ ಫ್ಯಾನಿನ ಗಾಳಿಯೇ ಬೇಕು, ಮತ್ತು ಆ ಗಾಳಿ ನಿಮ್ಮ ಕೋಣೆಯದೇ. ಏಪ್ರಿಲ್ ತಿಂಗಳ ವಿಜಯಪುರದಲ್ಲಿ ಕೋಣೆಯೇ 38 ಡಿಗ್ರಿ ಇದ್ದರೆ ಲೂಪಿನ (ನೀರು ಸುತ್ತುವ ಕೊಳವೆ ವ್ಯವಸ್ಥೆಯ) ನೀರು ಅದಕ್ಕಿಂತ ತಣ್ಣಗಾಗದು, ಕಾರ್ಡ್ ಹೊರಸೂಸುವ 320 ವ್ಯಾಟ್ ಶಾಖವೂ ಕೋಣೆಯಲ್ಲೇ ಉಳಿಯುತ್ತದೆ. ಚಿಪ್ಪಿನ ಉಷ್ಣತೆ ಗಣನೀಯವಾಗಿ ಇಳಿಯುವುದು, ಸದ್ದು ಕಡಿಮೆಯಾಗುವುದು ನಿಜ. ಆದರೆ ಆಟದ ವೇಗ ಹೆಚ್ಚುವುದು ಕಣ್ಣಿಗೆ ಕಾಣದಷ್ಟು. ತಯಾರಕರು ಈ ಕಾರ್ಡಿಗೆ ಹೇಳಿರುವ ಗರಿಷ್ಠ ಮಿತಿಯೇ 93 ಡಿಗ್ರಿ ಇರುವಾಗ 83ಕ್ಕೆ ಗಾಬರಿಪಡಬೇಕಾಗಿಲ್ಲ.

ಚಿಪ್ಪಿನ ಮೇಲೆ ಕೂರಿಸುವ, ಒಳಗೆ ನೀರು ಹರಿಯುವ ಬ್ಲಾಕ್, ಪಂಪ್, ರೇಡಿಯೇಟರ್, ಫಿಟ್ಟಿಂಗ್ ಎಲ್ಲ ಸೇರಿ ಖರ್ಚು ಮೂವತ್ತು ಸಾವಿರ ರೂಪಾಯಿಯನ್ನು ಸುಲಭವಾಗಿ ದಾಟುತ್ತದೆ. ಬ್ಲಾಕ್ ಆ ಒಂದು ಮಾದರಿಯ ಬೋರ್ಡಿಗೆ ಮಾತ್ರ ಕೂಡುವುದರಿಂದ ಮುಂದೆ ಕಾರ್ಡ್ ಬದಲಿಸಿದರೆ ಅದು ಮೂಲೆ ಸೇರುತ್ತದೆ. ಕಾರ್ಡನ್ನು ಬಿಚ್ಚಿದ್ದಕ್ಕೆ ವಾರಂಟಿ ಹೋದರೂ ಆಶ್ಚರ್ಯವಿಲ್ಲ.

ಮೊದಲು ಕಾರ್ಡಿನ ಹೀಟ್‌ಸಿಂಕಿಗೆ, ಅಂದರೆ ಚಿಪ್ಪಿನ ಶಾಖ ಹೀರುವ ಲೋಹದ ಭಾಗಕ್ಕೆ, ಟಾರ್ಚ್ ಬಿಟ್ಟು ನೋಡಿರಿ. ನಮ್ಮ ಕಡೆಯ ಸಣ್ಣ ಧೂಳು ಅದರ ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಪ್ಪುಗಟ್ಟಿ ಕುಳಿತಿರುತ್ತದೆ. ಫ್ಯಾನುಗಳು ಗರಗರ ತಿರುಗದಂತೆ ಬೆರಳಿನಿಂದ ಹಿಡಿದು, ಬ್ಲೋವರಿನಿಂದ ಅದನ್ನು ಊದಿ ತೆಗೆಯಿರಿ. ಅನಂತರ ಕಾರ್ಡನ್ನು ಹೊಂದಿಸುವ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಪವರ್ ಲಿಮಿಟ್ಟನ್ನು (ಕಾರ್ಡ್ ಬಳಸಬಹುದಾದ ವಿದ್ಯುತ್ತಿನ ಮಿತಿಯನ್ನು) 85 ಪ್ರತಿಶತಕ್ಕೆ ಇಳಿಸಿರಿ. 320 ವ್ಯಾಟ್ 272ಕ್ಕೆ ಬರುತ್ತದೆ, ವೇಗದಲ್ಲಾಗುವ ನಷ್ಟ ಅತ್ಯಲ್ಪ, ಮತ್ತು ಇದಕ್ಕೆ ಪೈಸೆಯೂ ಖರ್ಚಿಲ್ಲ. 450 ವ್ಯಾಟಿನ 4090ರಂತಹ ಕಾರ್ಡನ್ನು ಎಸಿ ಕೋಣೆಯಲ್ಲಿಟ್ಟು, ಹಗಲಿಡೀ ರೆಂಡರಿಂಗ್ (ಕಂಪ್ಯೂಟರಿನಲ್ಲಿ ಚಿತ್ರ, ವಿಡಿಯೊ ಸಿದ್ಧಪಡಿಸುವ ಕೆಲಸ) ಮಾಡುವವರಿಗೆ, ಸದ್ದು ಸಹಿಸಲಾಗದಿದ್ದರೆ, ಲೂಪ್ ಹಾಕಿಸಿಕೊಳ್ಳಿರಿ ಎಂದು ಹೇಳಲು ನನಗೆ ಅಡ್ಡಿಯಿಲ್ಲ.

ಪ್ರಶ್ನೆ: ಲೂಪಿಗೆ ಮನೆಯ ಆರ್‌ಒ ನೀರು ಹಾಕಬಹುದೇ? – ಓದುಗರು, ಬಾಗಲಕೋಟೆ

ಉತ್ತರ: ಕೂಡದು; ಅದರಲ್ಲಿ ಲವಣ ಉಳಿದಿರುತ್ತದೆ, ಲೂಪಿಗೆಂದೇ ಸಿಗುವ ಸಿದ್ಧ ದ್ರವ, ಕೂಲಂಟನ್ನೇ ಕೊಳ್ಳಿರಿ.

ಪ್ರಶ್ನೆ: ಚಿಪ್ಪು ಮತ್ತು ಹೀಟ್‌ಸಿಂಕಿನ ನಡುವೆ ಹಚ್ಚುವ ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್ (ದ್ರವ ಲೋಹ) ಹಚ್ಚಿದರೆ ಹತ್ತು ವರ್ಷ ಚಿಂತೆಯಿಲ್ಲ ಎನ್ನುತ್ತಾರೆ ರಿಪೇರಿಯವರು. – ಓದುಗರು, ಗೋಕಾಕ

ಉತ್ತರ: ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ, ಒಂದು ಹನಿ ಜಾರಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ, ಹೀಟ್‌ಸಿಂಕ್ ಯಾವ ಲೋಹದ್ದು ಎಂದು ಕೇಳದೆಯೇ ಅದನ್ನು ಹಚ್ಚಲು ಹೊರಟವರ ಕೈಗೆ ಕಾರ್ಡ್ ಕೊಡಬೇಡಿರಿ.

ಪ್ರಶ್ನೆ: ಕೇಸಿನ ಬಾಗಿಲು ತೆಗೆದು ನೀರಿನ ಕೂಲರಿನ ಮುಂದೆ ಇಡಬಹುದೇ? – ಓದುಗರು, ಅಥಣಿ

ಉತ್ತರ: ಇಡಬಾರದು. ಕೂಲರಿನ ಗಾಳಿಯಲ್ಲಿ ಬರುವ ಗಡಸು ನೀರಿನ ಹನಿ ಬೋರ್ಡಿಗೆ ಆಗದು.